ಮಾವನ ಮೂಗು, ಇಲಿಯ ಮೆದುಳು

ರಾಜು ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ)
🌹 ದಿನಾ ಬೆಳಿಗ್ಗೆ ನಾಲ್ಕು ಬಗೆಯ ಪರಿಮಳ ಮೂಸಿ! ವಾಸನೆ ನೋಡಿಕೊಳ್ಳುವ ಮೆದುಳಿನ ಭಾಗದಲ್ಲಿ ದಿನಕ್ಕೆ ಸಾವಿರಾರು ಹೊಸ ನರಕೋಶ ಹುಟ್ಟುತ್ತವೆ. ಮರೆವು ಹತ್ತಿರ ಸುಳಿಯುವುದಿಲ್ಲ. ಹತ್ತು ಜನಕ್ಕೆ ಕಳಿಸಿ 🌹

ಅಮ್ಮ: ರಾಜು, ಇದನ್ನೇ ಮಂಗಳವಾರವೂ ಕಳಿಸಿದ್ದೆ. ಬೇಗ ಮೂಸಲು ಶುರು ಮಾಡು.

ನಾನು: ಮಾವ, ಪೂರ್ತಿ ಸುಳ್ಳಲ್ಲ. ಆದರೆ ಇಲಿಯ ವಿಷಯ ತಂದು ಮನುಷ್ಯರಿಗೆ ಅಂಟಿಸಿದ್ದಾರೆ.

ರಾಜು ಮಾವ: ಯಾವ ಇಲಿ? ನಾನೇ ಸಾಕ್ಷಿ ಕಣೇ. 2021ರಲ್ಲಿ ಕೋವಿಡ್ ಬಂದು ಮೂಗು ಸತ್ತೇ ಹೋಗಿತ್ತು. ಒಗ್ಗರಣೆ ಸೀದು ಕರಕಲಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ನಾಲ್ಕು ತಿಂಗಳಿಗೆ ವಾಸನೆ ವಾಪಸ್ ಬಂತು. ಹೊಸ ನರಕೋಶ ಹುಟ್ಟದೆ ಹೇಗೆ ಬಂತು?

ಶೋಭಾ ಅತ್ತೆ: ಮೊದಲು ಬಂದಿದ್ದು ಇಂಗಿನ ವಾಸನೆ. ಏನೋ ಕೊಳೆತಿದೆ ಅಂತ ಡಬ್ಬಿಯನ್ನೇ ಹಿತ್ತಿಲಿಗೆ ಎಸೆದು ಬಂದರು. ಹೊಸ ಡಬ್ಬಿ ಅದು.

ನಾನು: 😂 ಮಾವ, ಆ ರಿಪೇರಿ ಮೂಗಿನಲ್ಲಿ ಆಗಿದ್ದು, ಮೆದುಳಿನಲ್ಲಲ್ಲ. ಮೂಗಿನೊಳಗೆ ಮೇಲ್ಗಡೆ ತೆಳು ಪೊರೆ ಇದೆ. ವಾಸನೆ ಹಿಡಿಯುವ ನರಕೋಶಗಳು ಇರುವುದು ಅಲ್ಲಿ. ಧೂಳು, ಹೊಗೆ ಎಲ್ಲ ನೇರ ಬಡಿಯುವ ಜಾಗ, ಹಾಗಾಗಿ ಸಾಯುತ್ತಲೇ ಇರುತ್ತವೆ. ಬುಡದಲ್ಲಿರುವ ಮೂಲ ಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಹೊಸದು ಕೊಡುತ್ತಲೇ ಇರುತ್ತವೆ. ಕೋವಿಡ್ ವೈರಸ್ ಮುಖ್ಯವಾಗಿ ಹೊಕ್ಕಿದ್ದು ಆ ನರಕೋಶಗಳಿಗೆ ಆಸರೆ ಕೊಡುವ ಅಕ್ಕಪಕ್ಕದ ಕೋಶಗಳಿಗೆ. ಫಾರ್ವರ್ಡ್ ಹೇಳುತ್ತಿರುವುದು ಆಲ್‌ಫ್ಯಾಕ್ಟರಿ ಬಲ್ಬ್ ಬಗ್ಗೆ. ಅದು ವಾಸನೆ ನೋಡಿಕೊಳ್ಳುವ ಮೆದುಳಿನ ಭಾಗ, ತಲೆಬುರುಡೆಯ ಒಳಗಿದೆ.

ಚೇತನ್: ಎಷ್ಟು ವ್ಯಾಟ್?

ನಾನು: ಈರುಳ್ಳಿ ಗಡ್ಡೆಯ ಬಲ್ಬ್ ಕಣೋ.

ಚೇತನ್: ಆದರೂ ಮೇಘಕ್ಕ, ಇಲಿಗೆ ಆಗುತ್ತದೆ ಅಂದರೆ ನಮಗೂ ಆಗಬೇಕಲ್ವಾ? ಔಷಧಿಯೆಲ್ಲ ಇಲಿ ಮೇಲೇ ತಾನೇ ನೋಡುವುದು?

ನಾನು: ಇಲಿಯಲ್ಲಿ ಆಗುವುದು ನಿಜಕ್ಕೂ ಸೊಗಸು. ಮೆದುಳಿನ ನಡುವೆ ದ್ರವ ತುಂಬಿದ ಕೋಣೆಗಳಿವೆ. ಅದರ ಗೋಡೆಯಲ್ಲಿ ಸ್ಟೆಮ್ ಸೆಲ್‌ಗಳು ಕೂತಿರುತ್ತವೆ. ನೋಡಲು ಮಾಮೂಲಿ ಆಸ್ಟ್ರೋಸೈಟ್, ಅಂದರೆ ನರಕೋಶಗಳಿಗೆ ಚಾಕರಿ ಮಾಡುವ ಕೋಶ. ಇವೇ ಸ್ಟೆಮ್ ಸೆಲ್ ಅಂತ ಗೊತ್ತಾಗಿದ್ದು 1999ರಲ್ಲಿ. ಇವು ನಿಧಾನಕ್ಕೆ ಒಡೆಯುತ್ತವೆ, ಮರಿಗಳು ಬೇಗ ಬೇಗ ಒಡೆಯುತ್ತವೆ, ಕೊನೆಗೆ ಎಳೆಯ ನರಕೋಶ ಆಗುತ್ತವೆ. ಆಮೇಲೆ ಮೂಗಿನ ಕಡೆ ಪ್ರಯಾಣ. ಕೆಲವೇ ಮಿಲಿಮೀಟರ್, ಆದರೆ ಹಲವು ದಿನ ಬೇಕು.

ಅಮ್ಮ: ಇರುವೆ ಸಾಲಿನ ಹಾಗಾ?

ನಾನು: ಹಾಗೇ ಅಮ್ಮ, ಒಂದರ ಮೈ ಮೇಲೊಂದು ಜಾರಿಕೊಂಡು. ಬಲ್ಬ್ ತಲುಪಿದ ಮೇಲೆ ಹೆಚ್ಚಿನವು ಗ್ರಾನ್ಯೂಲ್ ಕೋಶ ಆಗುತ್ತವೆ. ಬೇರೆ ನರಕೋಶಗಳ ಗದ್ದಲ ತಗ್ಗಿಸುವುದು ಅವುಗಳ ಕೆಲಸ. ಬಂದವುಗಳಲ್ಲಿ ಸುಮಾರು ಅರ್ಧ ಕೆಲವೇ ವಾರದಲ್ಲಿ ಸಾಯುತ್ತವೆ. ಬಗೆಬಗೆಯ ವಾಸನೆ ಇಟ್ಟ ಪಂಜರದ ಇಲಿಗಳಲ್ಲಿ ಜಾಸ್ತಿ ಉಳಿಯುತ್ತವೆ. ಮಾವನ ಪರಿಮಳ ಬಂದಿದ್ದು ಆ ಪಂಜರದಿಂದ ಅಂತ ನನ್ನ ಅನುಮಾನ.

ರಾಜು ಮಾವ: ನೋಡಿದೆಯಾ! ಮತ್ತೆ ಸುಮ್ನೆ ಯಾಕೆ ವಾದ?

ನಾನು: ಮಾವ, ನೀವು ಹುಟ್ಟಿದ್ದು 1958, ಅಲ್ವಾ? ಆಗ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಸಿಡಿಸಿ ನೋಡುತ್ತಿದ್ದವು. ಗಾಳಿಯಲ್ಲಿ ಕಾರ್ಬನ್-14, ಅಂದರೆ ವಿಕಿರಣ ಸೂಸುವ ಬಗೆಯ ಕಾರ್ಬನ್, ಏರಿತು. ಬಯಲಲ್ಲಿ ಸಿಡಿಸುವುದು ಬೇಡ ಅಂತ 1963ರಲ್ಲಿ ಒಪ್ಪಂದ ಆದ ಮೇಲೆ ಇಳಿಯುತ್ತಾ ಬಂತು. ಗಾಳಿಯಿಂದ ಪೈರಿಗೆ, ಪೈರಿನಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಡಿಎನ್‌ಎಗೆ. ಕೋಶ ಹುಟ್ಟಿದಾಗ ಸೇರಿದ ಕಾರ್ಬನ್ ಅಲ್ಲೇ ಉಳಿಯುತ್ತದೆ. ಅಳೆದರೆ ಅದು ಹುಟ್ಟಿದ ಕಾಲ ಗೊತ್ತಾಗುತ್ತದೆ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ತಂಡ ತೀರಿಹೋದವರ ಬಲ್ಬ್ ತೆಗೆದು ಹೀಗೆ ಅಳೆಯಿತು. 2012ರಲ್ಲಿ ಫಲಿತಾಂಶ ಬಂತು. ನರಕೋಶಗಳಿಗೆ ಆ ಮನುಷ್ಯನಷ್ಟೇ ವಯಸ್ಸು. ಹೊಸದು ಸೇರಿದರೂ ನೂರು ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ ಅಂತ ಅವರ ಲೆಕ್ಕ. ಕೂಸುಗಳಲ್ಲಿ ಆ ಸಾಲು ಓಡುತ್ತಿರುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಬಹುತೇಕ ನಿಂತುಹೋಗುತ್ತದೆ.

ಚೇತನ್: ಅದೇ ತಂಡ 2013ರಲ್ಲಿ ದಿನಕ್ಕೆ 700 ಹೊಸ ನರಕೋಶ ಅಂದಿದೆ. ಈಗಷ್ಟೇ ನೋಡಿದೆ. ಅಪ್ಪ ಗೆದ್ದರು.

ನಾನು: ಅದು ಹಿಪ್ಪೊಕ್ಯಾಂಪಸ್, ನೆನಪಿನ ಜಾಗ. ಅದರ ಮೇಲೂ 2018ರಲ್ಲಿ ಜಗಳ ಆಯಿತು. ಒಂದು ತಂಡ ದೊಡ್ಡವರಲ್ಲಿ ಕಾಣಲೇ ಇಲ್ಲ ಅಂದಿತು, ಇನ್ನೊಂದು ಮುದುಕರಲ್ಲೂ ಇದೆ ಅಂದಿತು. ಮೂಗಿನ ಜಗಳ ಮುಗಿಯಲಿ, ಆಮೇಲೆ ಅಲ್ಲಿಗೆ ಹೋಗೋಣ.

ಶೋಭಾ ಅತ್ತೆ: ಅಂದರೆ ಇವರು ಮೂಸುವುದು ದಂಡವಾ? ಬೆಳಿಗ್ಗೆಯಿಂದ ನನ್ನ ಲವಂಗದ ಡಬ್ಬಿ ಸಿಗುತ್ತಿಲ್ಲ.

ನಾನು: ದಂಡ ಅಲ್ಲ ಅತ್ತೆ. ವಾಸನೆ ಕಳೆದುಕೊಂಡವರಿಗೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇದೇ ಅಭ್ಯಾಸ ಮಾಡಿಸಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆ ಎರಡು ಸಲ, ಹನ್ನೆರಡು ವಾರ. ಕೆಲವರಿಗೆ ಗುಣ ಕಂಡಿತು. ಆ ‘ನಾಲ್ಕು’ ಬಹುಶಃ ಅಲ್ಲಿಂದಲೇ ಬಂದಿದೆ. ಮೂಸಲಿ ಬಿಡಿ. ದಿನಕ್ಕೆ ಸಾವಿರ ಅನ್ನುವುದು ಬೇಡ.

ರಾಜು ಮಾವ: ಸರಿ. ನನ್ನ ನರಕೋಶಗಳಿಗೆ ನನ್ನಷ್ಟೇ ವಯಸ್ಸು ಅಂತ ಸೈನ್ಸೇ ಹೇಳಿದೆಯಲ್ಲ, ಇನ್ನು ಎಲ್ಲರೂ ಮರ್ಯಾದೆ ಕೊಟ್ಟು ಮಾತಾಡಿ.

ಅಮ್ಮ: ನನ್ನವು ನಿನ್ನವಕ್ಕಿಂತ ಮೂರು ವರ್ಷ ದೊಡ್ಡವು. ಲವಂಗದ ಡಬ್ಬಿ ಕೊಡು.