ಜಪಾನ್ ಸುತ್ತುವಾಗ ಊರಿನ ಗೆಳೆಯರ ಜೊತೆ ಮಾತುಕತೆ ಹೇಗೆ?

ಪೊನ್ನಂಪೇಟೆ ಪಯಣಿಗ:
ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ನಾನು, ನನ್ನ ಹೆಂಡತಿ, ಕಾಲೇಜು ಕಾಲದ ಇಬ್ಬರು ಗೆಳೆಯರು ಜಪಾನ್‌ಗೆ ಹೊರಟಿದ್ದೇವೆ. ಟೋಕಿಯೊ, ಕ್ಯೋಟೊ, ಹಿರೋಶಿಮಾ, ಕೊನೆಗೆ ಕನಜಾವಾ. ಟಿಕೆಟ್ಟು, ವೀಸಾ ಎಲ್ಲ ಆಗಿದೆ, ತಲೆ ತಿನ್ನುತ್ತಿರುವುದು ಫೋನು. ಊರಲ್ಲಿ ನಮ್ಮದೊಂದು ಗುಂಪಿದೆ, ದಿನಕ್ಕೊಮ್ಮೆಯಾದರೂ ಹರಟದಿದ್ದರೆ ಯಾರಿಗೂ ನಿದ್ದೆ ಬರುವುದಿಲ್ಲ. ಅದರಲ್ಲಿ ಇಬ್ಬರ ತೋಟ ಕೊಡಗಿನ ಕುಟ್ಟ ಕಡೆ, ಸಿಗ್ನಲ್ ಬೇಕೆಂದರೆ ಗೇಟಿನ ತನಕ ನಡೆದು ಬರಬೇಕು.

ಈಗ ಪ್ರಶ್ನೆ. ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇನ್‌ಸ್ಟಾಲ್ ಆಗುವ ಸಿಮ್) ತೆಗೆದುಕೊಳ್ಳುವುದಾ, ಪಾಕೆಟ್ ವೈಫೈ ಬಾಡಿಗೆಗೆ ತೆಗೆದುಕೊಳ್ಳುವುದಾ, ಇಲ್ಲಾ ನಮ್ಮ ಸಿಮ್‌ಗೇ ರೋಮಿಂಗ್ ಹಾಕಿಸುವುದಾ? ಬ್ಯಾಂಕಿನ ಓಟಿಪಿ ಬರುತ್ತದಾ? ಇನ್ನೊಂದು, ನಾವು ನಾಲ್ಕು ಜನ ಯಾವಾಗಲೂ ಒಟ್ಟಿಗೇ ತಿರುಗುವವರಲ್ಲ. ಒಬ್ಬನಿಗೆ ಕ್ಯಾಮೆರಾ ಅಂಗಡಿ ಬೇಕು, ನನ್ನ ಹೆಂಡತಿಗೆ ದೇವಸ್ಥಾನ ಬೇಕು. ದಾರಿ ತಪ್ಪಿದರೆ ಸೇರುವುದು ಹೇಗೆ?

ಕುಶಾಲನಗರ ಕೇಬಲ್:
ನಾಲ್ಕು ಜನ ಬೇರೆ ಬೇರೆ ತಿರುಗುತ್ತೀರಿ ಅಂದಮೇಲೆ ಪಾಕೆಟ್ ವೈಫೈ ಬೇಡ. ಆ ಡಬ್ಬಿ ಯಾರ ಜೇಬಲ್ಲಿದೆಯೋ ಅವರು ದೊರೆ, ಉಳಿದವರೆಲ್ಲ ಅವರ ಹಿಂದೆ ಓಡಬೇಕು. ಅದಕ್ಕೆ ಬೇರೆ ಚಾರ್ಜ್ ಹಾಕಬೇಕು, ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲಿ ಮರಳಿಸಬೇಕು, ಇಲ್ಲಾ ಅವರು ಕೊಟ್ಟ ಲಕೋಟೆಯಲ್ಲಿ ಹಾಕಿ ಪೋಸ್ಟ್ ಮಾಡಬೇಕು. ಸುಮ್ನೆ ಕಿರಿಕಿರಿ. ಒಬ್ಬೊಬ್ಬರೂ ಇ-ಸಿಮ್ ತೆಗೆದುಕೊಳ್ಳಿ.

ಮೊದಲು ಫೋನ್‌ನಲ್ಲಿ *#06# ಒತ್ತಿ ನೋಡಿ, ಇಐಡಿ ಅಂತ ಉದ್ದದ ನಂಬರ್ ಕಂಡರೆ ನಿಮ್ಮ ಫೋನ್ ಇ-ಸಿಮ್ ತೆಗೆದುಕೊಳ್ಳುತ್ತದೆ. ಹೊರಡುವ ಮುಂಚೆ ಮನೆಯ ವೈಫೈಯಲ್ಲೇ ಇನ್‌ಸ್ಟಾಲ್ ಮಾಡಿ ಇಟ್ಟುಕೊಳ್ಳಿ, ಅಲ್ಲಿ ಇಳಿದ ಮೇಲೆ ಆನ್ ಮಾಡಿದರಾಯಿತು. ಡೇಟಾ ಇ-ಸಿಮ್‌ನಿಂದ, ನಮ್ಮ ಸಿಮ್ ಬರೀ ಮೆಸೇಜ್‌ಗೆ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ, ಇದು ಮುಖ್ಯ. ಓಟಿಪಿ ಬರಬೇಕಾದರೆ ನಿಮ್ಮ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲೂ ಇರಬೇಕು, ಅದನ್ನು ಇಲ್ಲೇ ನಿಮ್ಮ ಕಂಪನಿಯವರ ಹತ್ತಿರ ಕೇಳಿ ಮಾಡಿಸಿಕೊಂಡು ಹೋಗಿ, ವಿಮಾನ ಹತ್ತಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ವಾಟ್ಸಾಪ್ ಹೊಸ ಸಿಮ್ ನೋಡಿ ನಂಬರ್ ಬದಲಾಯಿಸುತ್ತೀರಾ ಅಂತ ಕೇಳಿದರೆ ಬೇಡ ಅನ್ನಿ. ಹಳೇ ನಂಬರಿನಲ್ಲೇ ನಡೆಯುತ್ತದೆ, ಊರಿನವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ರವಾಸಿಗರಿಗೆ ಸಿಗುವ ಇ-ಸಿಮ್ ಹೆಚ್ಚಿನವು ಬರೀ ಡೇಟಾ, ಅದರಿಂದ ಮಾಮೂಲಿ ಕರೆ ಹೋಗುವುದಿಲ್ಲ. ಊಟಕ್ಕೆ ಟೇಬಲ್ ಹೇಳಬೇಕಿದ್ದರೆ ಹೋಟೆಲ್ ಕೌಂಟರಿನವರನ್ನೇ ಕೇಳಿ, ಮಾಡಿಕೊಡುತ್ತಾರೆ. ಹಳೇ ಬರಹಗಳಲ್ಲಿ ಎಲ್ಲ ಅಂಗಡಿಯಲ್ಲೂ ಫ್ರೀ ವೈಫೈ ಅಂತ ಇರುತ್ತದೆ. ನಂಬಿ ಕೂರಬೇಡಿ, ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್ ಎರಡೂ 2022ರಲ್ಲೇ ತಮ್ಮ ಫ್ರೀ ವೈಫೈ ನಿಲ್ಲಿಸಿದವು.

ಮಡಿಕೇರಿ ಮಬ್ಬು:
ಕೇಬಲ್ ಅಣ್ಣ ಹೇಳಿದ್ದು ಸರಿ. ನಾನು ಸೇರುವ ಜಾಗದ ಬಗ್ಗೆ ಹೇಳುತ್ತೇನೆ. ಅಲ್ಲಿ "ಸ್ಟೇಷನ್ ಹತ್ತಿರ ಸಿಗೋಣ" ಅಂದರೆ ಸಿಗುವುದೇ ಇಲ್ಲ. ಶಿಂಜುಕು ಸ್ಟೇಷನ್‌ಗೆ 200ಕ್ಕಿಂತ ಜಾಸ್ತಿ ಬಾಗಿಲುಗಳಿವೆ ಮಾರಾಯ್ರೇ. ನಮ್ಮ ಮಡಿಕೇರಿ ಬಸ್ ಸ್ಟ್ಯಾಂಡ್ ಲೆಕ್ಕದಲ್ಲಿ ಹೋದರೆ ಕೆಟ್ಟಿರಿ! ಯಾವಾಗಲೂ ಬಾಗಿಲಿನ ಹೆಸರು ಹೇಳಿ. ಟೋಕಿಯೊ ಸ್ಟೇಷನ್ ಅಂದರೆ ಮರುನೊಉಚಿ ಕಡೆಯಾ, ಯಾಏಸು ಕಡೆಯಾ? ಕ್ಯೋಟೊ ಅಂದರೆ ಕರಸುಮಾ ಬಾಗಿಲು ಹೇಳಿ, ಎದುರಿಗೇ ಕ್ಯೋಟೊ ಟವರ್ ನಿಂತಿದೆ, ಕಣ್ಣು ಮುಚ್ಚಿಕೊಂಡು ಹೋದರೂ ಸಿಗುತ್ತದೆ. ಶಿಬುಯಾದಲ್ಲಿ ಹಚಿಕೋ ನಾಯಿಯ ಪ್ರತಿಮೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಟೋಕಿಯೊದ ಅರ್ಧ ಜನ ಅಲ್ಲೇ ಯಾರನ್ನೋ ಕಾಯುತ್ತಿರುತ್ತಾರೆ. ನನಗಂತೂ ಅದು ಬೇಡ.

ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಕಳಿಸಬಹುದಲ್ವಾ, ಬೇರೆಯಾಗುವಾಗ ನಾಲ್ವರೂ ಒಂದು ಗಂಟೆಯದು ಹಾಕಿಕೊಳ್ಳಿ. 8 ಗಂಟೆಯದು ಹಾಕಿದರೆ ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿಯುತ್ತದೆ. ಮತ್ತೆ, ಸ್ಟೇಷನ್ನಿನ ನೆಲಮಾಳಿಗೆಯಲ್ಲಿದ್ದಾಗ ಮ್ಯಾಪಿನ ಚುಕ್ಕಿ ಎಲ್ಲೆಲ್ಲೋ ತೋರಿಸುತ್ತದೆ, ಮೇಲೆ ಬಂದು ನೋಡಿ. ರೈಲಿನೊಳಗೆ ಫೋನಲ್ಲಿ ಮಾತಾಡುವುದು ಅಲ್ಲಿ ಚೆನ್ನಾಗಿ ಕಾಣುವುದಿಲ್ಲ. ಫೋನ್ ಸೈಲೆಂಟ್ ಇಡಿ. ಶಿಂಕಾನ್‌ಸೆನ್‌ನಲ್ಲಿ, ಅಂದರೆ ಅವರ ಬುಲೆಟ್ ರೈಲಿನಲ್ಲಿ, ಮಾತಾಡಲೇಬೇಕು ಅಂದರೆ ಸೀಟು ಬಿಟ್ಟು ಎರಡು ಬೋಗಿಗಳ ನಡುವಿನ ಜಾಗಕ್ಕೆ ಹೋಗುತ್ತಾರೆ. ನಮ್ಮವರ ಹಾಗೆ ಸ್ಪೀಕರ್ ಹಾಕಿಕೊಂಡು "ಹಲೋ, ಕೇಳ್ತಾ ಇದ್ಯಾ" ಅನ್ನಬೇಡಿ.

ಗೋಣಿಕೊಪ್ಪ ಅಕ್ಕ:
ತಮ್ಮಾ, ಇವರೆಲ್ಲ ಬಿಟ್ಟ ಒಂದು ವಿಷಯ ಭೂಕಂಪ. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಜಪಾನ್‌ನಲ್ಲಿ ಎಲ್ಲಿಯೋ ಭೂಮಿ ನಡುಗಿದರೆ ಇಲ್ಲಿ ಟೀವಿಯಲ್ಲಿ ಕೆಂಪು ಪಟ್ಟಿ ಓಡುತ್ತದೆ, ಮನೆಯವರು ಗಾಬರಿ. ನೀವು ಹಿರೋಶಿಮಾದಲ್ಲಿರುತ್ತೀರಿ, ನಡುಗಿದ್ದು ಹೊಕ್ಕೈಡೊದಲ್ಲಿ, ಅದು ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಯಾವ ತಾರೀಕು ಯಾವ ಊರು, ಯಾವ ಹೋಟೆಲ್ ಅಂತ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೋಗಿ. ಕನಜಾವಾ ಇರುವ ಇಶಿಕಾವಾದಲ್ಲೇ 2024ರ ಜನವರಿ 1ರಂದು ನೋಟೊ ಭೂಕಂಪ ಆಗಿದ್ದು, 7.6ರ ತೀವ್ರತೆ.

ಅಂಥ ದೊಡ್ಡದೇನಾದರೂ ಆದರೆ ಎಲ್ಲರೂ ಒಟ್ಟಿಗೆ ಫೋನ್ ಮಾಡುವುದರಿಂದ ಲೈನ್ ಸಿಗುವುದಿಲ್ಲ. ಕರೆ ಹಚ್ಚುತ್ತಾ ಕೂರಬೇಡಿ, "ಕ್ಷೇಮ, ಇಂಥಾ ಕಡೆ ಇದ್ದೇವೆ" ಅಂತ ಒಂದು ಸಾಲು ಗುಂಪಿಗೆ ಹಾಕಿಬಿಡಿ. ನೆಟ್ ಸ್ವಲ್ಪ ಸಿಕ್ಕ ಕೂಡಲೇ ಹೋಗುತ್ತದೆ. ದೊಡ್ಡ ಅನಾಹುತದ ಹೊತ್ತಿನಲ್ಲಿ ಅಲ್ಲಿನ ಫೋನ್ ಕಂಪನಿಗಳು 00000ಜಪಾನ್ ಅನ್ನುವ ಹೆಸರಿನಲ್ಲಿ ವೈಫೈ ಎಲ್ಲರಿಗೂ ಬಿಡುತ್ತವೆ, ಐದು ಸೊನ್ನೆ, ಪಾಸ್‌ವರ್ಡ್ ಇಲ್ಲ. ಮೆಸೇಜ್ ಕಳಿಸಲು ಸಾಕು, ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಮಾಡಬೇಡಿ. ಸೇಫ್ಟಿ ಟಿಪ್ಸ್ ಅಂತ ಒಂದು ಆಪ್ ಇದೆ, ಭೂಕಂಪದ ಎಚ್ಚರಿಕೆ ಇಂಗ್ಲಿಷಿನಲ್ಲೇ ಬರುತ್ತದೆ, ಹೋಗುವ ಮುಂಚೆ ಹಾಕಿಕೊಳ್ಳಿ. ಪೊಲೀಸ್ 110, ಆಂಬುಲೆನ್ಸ್ 119.

ಇದೆಲ್ಲ ಜಾಸ್ತಿ ಆಯಿತು ಅನ್ನಿಸಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಬೆಂಗಳೂರಿನಲ್ಲಿದ್ದ ಮಕ್ಕಳು ಊರಿಗೆ ಫೋನ್ ಹತ್ತದೆ ಪಟ್ಟ ಪಾಡು ನೋಡಿದವರು ಹಾಗೆ ಅನ್ನುವುದಿಲ್ಲ.

ಪೊನ್ನಂಪೇಟೆ ಪಯಣಿಗ:
ಅಕ್ಕ, ಹಾಳೆ ಇವತ್ತೇ ಬರೆಯುತ್ತೇನೆ. ಫೋನ್‌ನಲ್ಲಿ ಇಐಡಿ ಕಂಡಿತು, ಹೆಂಡತಿಯ ಫೋನ್‌ನಲ್ಲೂ ಇದೆ. ಒಬ್ಬ ಗೆಳೆಯನದು ಹಳೇ ಫೋನ್, ಅವನಿಗೆ ಮಾಮೂಲಿ ಸಿಮ್ ಸಿಗಬಹುದಾ? ಮತ್ತೆ ಕುಟ್ಟದವರಿಗೆ ರಾತ್ರಿ ವಿಡಿಯೋ ಕಾಲ್ ಮಾಡಬೇಕೆಂದಿದ್ದೇವೆ.

ಕುಶಾಲನಗರ ಕೇಬಲ್:
ಸಿಗುತ್ತದೆ. ನರಿತಾ, ಹನೇಡಾ, ಕನ್ಸಾಯ್ ಮೂರೂ ಏರ್‌ಪೋರ್ಟ್‌ಗಳಲ್ಲಿ ಪ್ರವಾಸಿಗರ ಡೇಟಾ ಸಿಮ್ ಮಾರುತ್ತಾರೆ. ಫೋನ್‌ನಲ್ಲಿ ಎರಡನೇ ಸಿಮ್‌ಗೆ ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ನಮ್ಮ ಸಿಮ್ ತೆಗೆದಿಡಬೇಕು, ಓಟಿಪಿ ಬರುವುದಿಲ್ಲ. ಆಗ ದುಡ್ಡು ಕಟ್ಟುವ ಕೆಲಸ ಉಳಿದ ಮೂವರದ್ದು.

ಸಿದ್ದಾಪುರ ಸೋಮಾರಿ:
ನನ್ನದು ಉಲ್ಟಾ ಮಾತು. ರಾತ್ರಿ ವಿಡಿಯೋ ಕಾಲ್ ಯಾಕೆ? ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಕುಟ್ಟದ ಗೆಳೆಯರು ಕೆಲಸ ಮುಗಿಸಿ, ಊಟ ಮಾಡಿ, ರಾತ್ರಿ ಒಂಬತ್ತಕ್ಕೆ ಗೇಟಿನ ಹತ್ತಿರ ಬಂದರೆ ನಿಮಗೆ ಹನ್ನೆರಡೂವರೆ. ದಿನವಿಡೀ ನಡೆದು ಕಾಲು ಬಿದ್ದುಹೋಗಿರುತ್ತದೆ. ಅವರು ಅಲ್ಲಿ ಆನೆ ಬರುವ ಹೊತ್ತಿನಲ್ಲಿ ಕತ್ತಲಲ್ಲಿ ನಿಂತು ನಿಮ್ಮ ಮುಖ ತುಂಡುತುಂಡಾಗಿ ನೋಡಬೇಕಾ? ವಾಯ್ಸ್ ಮೆಸೇಜ್ ಕಳಿಸಿ. ನಿಮಗೆ ಪುರುಸೊತ್ತಾದಾಗ ಹೇಳಿ, ಅವರಿಗೆ ಸಿಗ್ನಲ್ ಸಿಕ್ಕಾಗ ಕೇಳುತ್ತಾರೆ. ಒಂದು ನಿಮಿಷದ ಮಾತು ಕಮ್ಮಿ ನೆಟ್‌ನಲ್ಲೂ ಇಳಿಯುತ್ತದೆ, ಅದೇ ವಿಡಿಯೋ ಕಳಿಸಿದರೆ ಸುತ್ತುತ್ತಾ ಕೂರುತ್ತದೆ. ಫೋಟೋ ಎಚ್‌ಡಿಯಲ್ಲಿ ಕಳಿಸಲೇಬೇಡಿ. ಏಪ್ರಿಲ್ ಮೊದಲ ವಾರ ಅಂದರೆ ನಿಮಗೆ ಅಲ್ಲಿ ಚೆರ್ರಿ ಹೂವು. ಇಲ್ಲಿ ಕಾಫಿ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬಿದ್ದಿದ್ದರೆ ಅವರಿಗೆ ಕಾಫಿ ಹೂವು. ದಿನಕ್ಕೊಂದು ಫೋಟೋ ಅದಲು ಬದಲು ಮಾಡಿಕೊಳ್ಳಿ, ಸಾಕು.

ಇನ್ನೊಂದು, ಪೋಸ್ಟ್ ಕಾರ್ಡ್ ಹಾಕಿ. ಇಂಡಿಯಾಕ್ಕೆ ವಿಮಾನದಲ್ಲಿ ಬರಲು 100 ಯೆನ್ ಅಂಚೆಚೀಟಿ, ಕಾರ್ಡಿನ ದುಡ್ಡು ಬೇರೆ. ವಿಳಾಸ ಇಂಗ್ಲಿಷಿನಲ್ಲಿ, ಪಿನ್‌ಕೋಡ್ ಸಮೇತ, ಕೆಳಗೆ ಇಂಡಿಯಾ ಅಂತ ದಪ್ಪಕ್ಷರ. ಒಳಗಿನ ಮಾತು ಕನ್ನಡದಲ್ಲೇ ಇರಲಿ, ಅಲ್ಲಿ ಯಾರೂ ಓದುವುದಿಲ್ಲ, ಬೇಕಾದ್ದು ಬೈದುಕೊಳ್ಳಬಹುದು. ಅಂಚೆ ಕಚೇರಿಗಳಲ್ಲಿ ಆಯಾ ಪ್ರಾಂತ್ಯದ ಆಕಾರ ಆಕಾರದ ಗೊತೊಚಿ ಕಾರ್ಡ್ ಸಿಗುತ್ತವೆ, ಆ ಪ್ರಾಂತ್ಯ ಬಿಟ್ಟು ಬೇರೆ ಕಡೆ ಮಾಮೂಲಾಗಿ ಮಾರುವುದಿಲ್ಲ. ನೀವು ಊರಿಗೆ ಬಂದ ಮೇಲೆ ಕಾರ್ಡ್ ಬರಬಹುದು, ಬರಲಿ ಬಿಡಿ.

ಮಡಿಕೇರಿ ಮಬ್ಬು:
ಸೋಮಾರಿ ಹೇಳಿದ್ದರಲ್ಲಿ ಆನೆ ವಿಷಯ ನೂರಕ್ಕೆ ನೂರು ನಿಜ. ಪಯಣಿಗರೇ, ನಿಮಗೆ ರಾತ್ರಿ ಒಂಬತ್ತಾದಾಗ ಇಲ್ಲಿ ಸಂಜೆ ಐದೂವರೆ, ಬೆಳಕಿರುತ್ತದೆ. ಮಾತಾಡಲೇಬೇಕಾದರೆ ಆ ಹೊತ್ತು ಹೇಳಿಟ್ಟುಕೊಳ್ಳಿ. ಅಡಾಪ್ಟರ್ ಮರೆಯಬೇಡಿ, ಅಲ್ಲಿನ ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ, ನಮ್ಮ ಉರುಟು ಪಿನ್ ಹೋಗುವುದಿಲ್ಲ. ವೋಲ್ಟೇಜ್ ಬರೀ 100, ಚಾರ್ಜರ್ ಮೇಲೆ 100-240 ಅಂತ ಇದ್ದರೆ ತೊಂದರೆ ಇಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ವಿಮಾನದಲ್ಲಿ ಮೇಲಿನ ಗೂಡಿಗೆ ಹಾಕಬೇಡಿ ಅಂತ 2025ರ ಜುಲೈಯಿಂದ ಜಪಾನಿನ ಏರ್‌ಲೈನ್ಸ್‌ನವರು ಹೇಳುತ್ತಿದ್ದಾರೆ.

ಪೊನ್ನಂಪೇಟೆ ಪಯಣಿಗ:
ಐದೂವರೆ ಅಂತ ಕುಟ್ಟದವರಿಗೆ ಹೇಳಿದೆ. "ಆಗ ನಾವು ಸ್ಪ್ರಿಂಕ್ಲರ್ ಪೈಪ್ ಎಳೆಯುತ್ತಿರುತ್ತೇವೆ, ವಾಯ್ಸ್ ಮೆಸೇಜೇ ಹಾಕು" ಅಂದರು. ಸೋಮಾರಿಯವರೇ, ನಿಮ್ಮ ವಿಳಾಸ ಖಾಸಗಿಯಾಗಿ ಕಳಿಸಿ, ಕಾರ್ಡ್ ಹಾಕುತ್ತೇನೆ.