ಬಳಪದ ಕಲ್ಲಿಗೂ ಬರೆಯೋ ಬಳಪಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ಮಗಳ ಶಾಲೆಗೆ ಬಳಪದ ಕಲ್ಲಿನ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕು. ಬೇಲೂರು ದೇವಸ್ಥಾನ ಇದರಲ್ಲೇ ಕಟ್ಟಿದ್ದು ಅಂತ ಗೊತ್ತು. ಇಷ್ಟು ಮೆತ್ತಗಿನ ಕಲ್ಲು 900 ವರ್ಷ ಹೇಗೆ ಉಳಿಯಿತು?

ಉತ್ತರ 1: ಇದೆ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಇದೇ ಜಾತಿಯ ಕಲ್ಲು. ಇದರಲ್ಲಿ ಟಾಲ್ಕ್ ಅನ್ನೋ ಖನಿಜ ಜಾಸ್ತಿ, ಅದೇ ಪೌಡರ್ ಡಬ್ಬಿಯಲ್ಲಿ ಇರೋದು, ಹಾಗಾಗಿ ಮುಟ್ಟಿದರೆ ಸೋಪಿನ ಹಾಗೆ ಜಾರುತ್ತದೆ. ನೆಲದಿಂದ ತೆಗೆದಾಗ ಮೆತ್ತಗೆ, ಉಳಿ ಸಲೀಸಾಗಿ ಓಡುತ್ತದೆ, ಆಮೇಲೆ ಗಾಳಿ ಬಿಸಿಲಿಗೆ ಬಿದ್ದು ಗಟ್ಟಿಯಾಗುತ್ತದೆ. ಮದನಿಕೆಯರ ಬಳೆ, ಸರ ಅಷ್ಟು ನಾಜೂಕಾಗಿ ಬಂದಿರೋದು ಅದಕ್ಕೇ. ಗ್ರಾನೈಟಿನಲ್ಲಿ ಮಾಡಿ ನೋಡೋಣ!

ಉತ್ತರ 2: ಹೊಯ್ಸಳರೇ ಮೊದಲು ಅಂತ ಮಾತ್ರ ಬರೆಯಬೇಡಿ, ಎಲ್ಲರೂ ಅದೇ ತಪ್ಪು ಮಾಡ್ತಾರೆ. ಕಲ್ಯಾಣದ ಚಾಲುಕ್ಯರು ಮುಂಚೆಯೇ ಬಳಸಿದ್ದರು. ಇಟಗಿಯ ಮಹಾದೇವ ದೇವಾಲಯ 1112ರದ್ದು, ಬೇಲೂರು 1117ರದ್ದು.

ಉತ್ತರ 3: ನಮ್ಮಜ್ಜಿ ಹುಳಿ ಮಾಡುತ್ತಿದ್ದ ಕಲ್ಲಿನ ಪಾತ್ರೆಯೂ ಇದೇ ಅಲ್ವಾ? ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಅನ್ನುತ್ತಿತ್ತು.

ಉತ್ತರ 1: ಹೌದು, ಅದೇ. ಬಿಸಿ ಬೇಗ ಬಿಡಲ್ಲ.

ಪ್ರಶ್ನೆ ಕೇಳಿದವರು: ನಾಲ್ಕು ಸಾಲು ಈಗ ಎರಡು ಪುಟ ಆಯ್ತು, ಮಗಳು ಬೈತಿದ್ದಾಳೆ.