ಸಹಾಯ ಬೇಕು: ಪುಟ್ಟ ಮಕ್ಕಳಿಗೆ ಹಸಿರು ಬಣ್ಣ ಕಲಿಸಲು ಯಾವ ಆಟ ಆಡಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. 3-4 ವರ್ಷದ ಮಕ್ಕಳಿಗೆ ಹಸಿರು ಬಣ್ಣ ಕಲಿಸುತ್ತಿದ್ದೇನೆ. ಸುಮ್ನೆ ಚಾರ್ಟ್ ತೋರಿಸಿ ಹೆಸರು ಹೇಳಿಸುವುದು ನನಗಿಷ್ಟವಿಲ್ಲ. ಮುಟ್ಟಿ, ಕಲಸಿ, ಹುಡುಕಿ ಕಲಿಯಬೇಕು ಅಲ್ವಾ?

ಒಂದು ಚಟುವಟಿಕೆ ತುಂಬಾ ಚೆನ್ನಾಗಿ ನಡೆಯಿತು. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿನ ಒಂದು ಮೂಲೆಗೆ ಹಳದಿ ಪೇಂಟ್, ಇನ್ನೊಂದಕ್ಕೆ ನೀಲಿ ಹಾಕಿದೆ. ಗಾಳಿ ತೆಗೆದು, ಕವರಿನ ಬಾಯಿಗೆ ಟೇಪ್ ಅಂಟಿಸಿ ಕೊಟ್ಟೆ. ಬೆರಳಲ್ಲಿ ಒತ್ತುತ್ತಾ ಹೋದಂತೆ ನಡುವೆ ಹಸಿರು ಗೆರೆ ಮೂಡಿತು. ಮಕ್ಕಳು ಕೆಳಗಿಡಲೇ ಇಲ್ಲ! (ನೀಲಿ ಸ್ವಲ್ಪವೇ ಸಾಕು, ಜಾಸ್ತಿಯಾದರೆ ಹಳದಿಯನ್ನು ನುಂಗಿಬಿಡುತ್ತೆ.)

ತೊಡಕಿರುವುದು ಮುಂದೆ. ಎಲೆ, ಬಟ್ಟೆ ಚೂರು, ದೊಡ್ಡ ಮುಚ್ಚಳಗಳನ್ನು ರಾಶಿ ಹಾಕಿದರೆ ಹಸಿರಿನವನ್ನು ಸರಿಯಾಗಿ ಆರಿಸುತ್ತಾರೆ. 'ಇದು ಯಾವ ಬಣ್ಣ?' ಅಂದರೆ ಮಾತ್ರ ನೀಲಿ ಅನ್ನುತ್ತಾರೆ. ಹೊಂದಿಸುವುದು ಮೊದಲು, ಹೆಸರು ಆಮೇಲೆ ಬರುವುದು ಸಹಜ. ಹಾಗಾಗಿ ಒತ್ತಾಯ ಮಾಡುತ್ತಿಲ್ಲ. ಆದರೂ ಈ ನಡುವಿನ ಹಂತಕ್ಕೆ ನೀವು ಯಾವ ಆಟ ಆಡಿಸುತ್ತೀರಿ?

ತಿಳಿಹಸಿರು, ಕಡುಹಸಿರು ಎರಡೂ ಹಸಿರೇ ಅಂತ ಹೇಗೆ ತೋರಿಸುತ್ತೀರಿ? ಒಂದು ಮಗು ಪೇಂಟ್ ಕೈಗೆ ಅಂಟಿದರೆ ಅಳುತ್ತೆ, ಅದಕ್ಕೆ ಹೊಂದುವಂಥದ್ದೂ ಬೇಕು. ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕ ವಸ್ತುಗಳು ಮಾತ್ರ ಬೇಡ. ನೀವೇ ಮಾಡಿಸಿ ನೋಡಿದ್ದನ್ನು ದಯವಿಟ್ಟು ಬರೆಯಿರಿ.